40 ಪಟ್ಟು ಎಂದು ಬರೆದ ಭೂತಗನ್ನಡಿ, ಆಸಿಡ್ ಹುಳ ಮತ್ತು ನನ್ನ 300 ರೂಪಾಯಿ

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕುತ್ತಿಗೆ ಮೇಲೆ ಕೆಂಪು ಗೀರು. ಮರುದಿನ ಅದರ ತುಂಬ ಗುಳ್ಳೆ, ಉರಿ ಬೇರೆ. ನೋಡಿದವರೆಲ್ಲ ಸರ್ಪಸುತ್ತು ಎಂದರು, ಅತ್ತೆ ನಾಗನಿಗೆ ತಂಬಿಲದ ಪೂಜೆ ಹೇಳಿಕೊಂಡೂ ಆಯಿತು. ಚರ್ಮದ ಡಾಕ್ಟರು ಮಾತ್ರ "ರಾತ್ರಿ ಟ್ಯೂಬ್‌ಲೈಟ್ ಹಾಕಿಕೊಂಡೇ ಮಲಗಿದ್ರಾ?" ಎಂದು ಕೇಳಿದರು. ಆಸಿಡ್ ಹುಳ! ಇದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಹರಿದಾಗ ನಿದ್ದೆಯಲ್ಲಿ ನಾವೇ ಅದನ್ನು ಉಜ್ಜಿ ಅರೆಯುತ್ತೇವೆ, ಅದರ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗುತ್ತದೆ, ಉರಿ ಶುರುವಾಗುವುದು ಒಂದೆರಡು ದಿನದಲ್ಲಿ, ಅಷ್ಟರಲ್ಲಿ ಹುಳದ ನೆನಪು ಯಾರಿಗಿರುತ್ತದೆ?

ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಜಗಲಿಯ ಲೈಟಿಗೆ ಬಂದ ಹುಳವೆಲ್ಲ ಆಸಿಡ್ ಹುಳವೇ. ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ, ಮನೆ ಎದುರು ಗದ್ದೆ, ಹಾಗಾಗಿ ಹುಳಕ್ಕೇನೂ ಕೊರತೆ ಇಲ್ಲ. ಯಾವುದು ಯಾವುದೆಂದು ನೋಡೋಣ ಎಂದು ಆನ್‌ಲೈನಿನಲ್ಲಿ ಮಡಚುವ ಭೂತಗನ್ನಡಿ ತರಿಸಿದೆ. ಪೆಟ್ಟಿಗೆ ಮೇಲೆ ದೊಡ್ಡದಾಗಿ "40 ಪಟ್ಟು, 25 ಮಿ.ಮೀ." ಎಂದು ಇತ್ತು, 25 ಅಂದರೆ ಗಾಜಿನ ಅಗಲ.

40 ಪಟ್ಟು ಅನ್ನುವುದು ಶುದ್ಧ ಸುಳ್ಳು. ಇದನ್ನು ಮನೆಯಲ್ಲೇ ನೋಡಬಹುದು. ಕಿಟಕಿಗೆ ಎದುರಿನ ಗೋಡೆಯ ಹತ್ತಿರ ಕನ್ನಡಿ ಹಿಡಿದರೆ, ಹೊರಗಿನ ತೆಂಗಿನ ಮರ ತಲೆಕೆಳಗಾಗಿ ಗೋಡೆ ಮೇಲೆ ಮೂಡುತ್ತದೆ. ಚಿತ್ರ ಸ್ಪಷ್ಟವಾದಾಗ ಕನ್ನಡಿಗೂ ಗೋಡೆಗೂ ಇರುವ ದೂರ ಅಳೆಯಿರಿ. ನನಗೆ ಬಂದದ್ದು 25 ಮಿ.ಮೀ. ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವ ಹತ್ತಿರದ ದೂರ 250 ಮಿ.ಮೀ. ಎಂದು ಲೆಕ್ಕ, ಅದನ್ನು ಈ 25ರಿಂದ ಭಾಗಿಸಿದರೆ 10. ಅಷ್ಟೇ, 10 ಪಟ್ಟು. ನಿಜವಾದ 40 ಪಟ್ಟಿನ ಕನ್ನಡಿ ಆಗಿದ್ದರೆ ಹುಳಕ್ಕೆ 6 ಮಿ.ಮೀ. ಹತ್ತಿರ ಹಿಡಿಯಬೇಕು, ಮೂಗೇ ತಾಗಬಹುದು! ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ.

ಆದರೂ ವಾಪಸ್ ಕಳಿಸಲಿಲ್ಲ, ಯಾಕೆಂದರೆ ನನ್ನ ಕೆಲಸಕ್ಕೆ 10 ಪಟ್ಟು ಸಾಕಾಯಿತು. ಹುಳವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಲೋಟ ಕವುಚಿ, ಅದರ ಅಡಿಯಿಂದ ಕಾಗದ ತೂರಿಸಿ, ಪಾರದರ್ಶಕ ಡಬ್ಬಿಗೆ ಹಾಕಿ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಓಡಾಟ ನಿಲ್ಲುತ್ತದೆ. (ಮೊಸರಿನ ಪಕ್ಕ ಇಟ್ಟದ್ದಕ್ಕೆ ಹೆಂಡತಿ ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ.) ಕನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದು, ಡಬ್ಬಿಯನ್ನು ಹತ್ತಿರ ತನ್ನಿ, ಕನ್ನಡಿಯನ್ನು ಹುಳದ ಮೇಲೆ ಹಿಡಿದು ದೂರದಿಂದ ನೋಡಿದರೆ ಏನೂ ಕಾಣುವುದಿಲ್ಲ. ನಾನು ಮೊದಲ ಎರಡು ದಿನ ಹಾಗೇ ಮಾಡಿ ಕನ್ನಡಿಗೆ ಬೈದಿದ್ದೆ.

ಮೊದಲು ಕಂಡದ್ದು ರೆಕ್ಕೆ. ಬೆನ್ನಿನ ಗಟ್ಟಿ ರೆಕ್ಕೆ ಗಿಡ್ಡ, ತೋಳಿಲ್ಲದ ಬನಿಯನ್ ಹಾಕಿದ ಹಾಗೆ, ಹೊಟ್ಟೆಯ ಉಂಗುರಗಳು ಹೆಚ್ಚಿನವು ಬರಿದು. ಸ್ಟಫಿಲಿನಿಡೇ ಕುಟುಂಬದ ಜೀರುಂಡೆಗಳ ಗುರುತೇ ಇದು, ಲೋಕದಲ್ಲಿ 60,000ಕ್ಕೂ ಜಾಸ್ತಿ ಪ್ರಭೇದ ಇವೆಯಂತೆ. ಹಾರಲು ಬೇಕಾದ ಉದ್ದ ರೆಕ್ಕೆ ಅದರ ಅಡಿಯಲ್ಲಿ ಮಡಚಿಕೊಂಡಿರುತ್ತದೆ. ಬಾಲದಲ್ಲಿ ಇಕ್ಕಳ ಇದ್ದರೆ ಅದು ಬೇರೆಯೇ ಹುಳ, ಅದಕ್ಕೂ ರೆಕ್ಕೆ ಗಿಡ್ಡ ಇರುವುದರಿಂದ ಮೋಸ ಹೋಗುವುದು ಸುಲಭ. ನಮ್ಮ ಮನೆಯಲ್ಲಿ ಚಪ್ಪಲಿ ಏಟು ತಿಂದವು ಅರ್ಧ ಅವೇ.

ಆಮೇಲೆ ಬಣ್ಣ. ತಲೆ ಕಪ್ಪು, ಕುತ್ತಿಗೆ ಹಿಂದಿನ ಭಾಗ ಹಣ್ಣಡಿಕೆಯ ಕಿತ್ತಳೆ ಬಣ್ಣ, ರೆಕ್ಕೆ ಮಿರುಗುವ ನೀಲಿ, ಹೊಟ್ಟೆ ಮತ್ತೆ ಹಣ್ಣಡಿಕೆ, ತುದಿಯ ಎರಡು ಉಂಗುರ ಕಪ್ಪು. ಉದ್ದ 7ರಿಂದ 10 ಮಿ.ಮೀ. ಮೀಸೆ ದಾರದ ಹಾಗೆ, ಎಣಿಸಿದರೆ 11 ಗಿಣ್ಣು. ಇದು ಪೀಡರಸ್ ಕುಲ, 1775ರಲ್ಲಿ ಕೀಟತಜ್ಞ ಫ್ಯಾಬ್ರಿಸಿಯಸ್ ಇಟ್ಟ ಹೆಸರು. ನಮ್ಮ ಗದ್ದೆಯ ಹುಳಕ್ಕೆ ಕುಲದ ಹೆಸರು ಹೇಳುವಷ್ಟು ಧೈರ್ಯ ಈ ಕನ್ನಡಿಯಿಂದ ಬಂತು. ಆದರೆ ಬಣ್ಣ ಒಂದನ್ನೇ ನಂಬಬಾರದು, ಪಾದವನ್ನೂ ನೋಡಬೇಕು. ಪಾದದ ಐದು ಗಿಣ್ಣುಗಳಲ್ಲಿ ನಾಲ್ಕನೆಯದು ಎರಡು ಹೋಳಾದಂತೆ ಇರುತ್ತದೆ. ಇಲ್ಲಿ ನನ್ನ ಕನ್ನಡಿ ಸೋತಿತು: ಏನೋ ಅಗಲವಾಗಿದೆ ಅನಿಸಿತೇ ಹೊರತು ಹೋಳು ಕಾಣಲಿಲ್ಲ. ಇನ್ನು ಪ್ರಭೇದ ಯಾವುದೆಂದು ಗಟ್ಟಿಯಾಗಿ ಹೇಳಬೇಕಾದರೆ ಗಂಡುಹುಳದ ಜನನಾಂಗ ಬಿಡಿಸಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. 300 ರೂಪಾಯಿಗೆ ಅದನ್ನೆಲ್ಲ ಕೇಳಿದರೆ ತಪ್ಪು ನನ್ನದೇ ಅಲ್ವಾ.

ಕನ್ನಡಿಯ ಎಲ್‌ಇಡಿ ದೀಪ ಸುಮ್ನೆ ಇದೆ. ಹಾಕಿದ ಕೂಡಲೇ ರೆಕ್ಕೆ ಮೇಲೆ ಬಿಳಿ ಹೊಳಪು ಬಿದ್ದು ನೀಲಿಯೇ ಮಾಯ. ಕಿಟಕಿ ಬೆಳಕೇ ಲೇಸು. ಅಂಚಿನಲ್ಲಿ ಚಿತ್ರ ಬಾಗುತ್ತದೆ, ಸುತ್ತ ನೇರಳೆ ಗೆರೆ, ಆದ್ದರಿಂದ ಹುಳವನ್ನು ನಡುಮಧ್ಯಕ್ಕೇ ತರಬೇಕು. ಮಡಚುವ ತಿರುಪು ಒಂದೇ ತಿಂಗಳಲ್ಲಿ ಸಡಿಲವಾಯಿತು. ಗಾಜು ಮಾತ್ರ ನಿಜವಾದ ಗಾಜು, ಗೀರು ಬಿದ್ದಿಲ್ಲ. ಅಡಿಕೆ ಸೋಗೆಯ ಅಡಿಯ ನುಸಿ ನೋಡಲೂ ಈಗ ಇದೇ.

ಒಂದು ಲಾಭ ಲೆಕ್ಕಕ್ಕೇ ಇರಲಿಲ್ಲ. ಈ ಹುಳ ಭತ್ತದ ಕಂದು ಜಿಗಿಹುಳುವನ್ನು ತಿನ್ನುತ್ತದೆ ಎಂದು ತಿಳಿದ ಮೇಲೆ ಗದ್ದೆಗೆ ಮದ್ದು ಹೊಡೆಯುವ ಮಾತು ಮನೆಯಲ್ಲಿ ನಿಂತಿದೆ. ರಾತ್ರಿ ಜಗಲಿಯ ಲೈಟು ಬೇಗ ಆರಿಸುತ್ತೇವೆ, ಮೈಮೇಲೆ ಬಂದರೆ ಊದಿ ಹಾರಿಸುತ್ತೇವೆ, ಅಪ್ಪಿತಪ್ಪಿ ಅರೆದರೆ ತಕ್ಷಣ ಸೋಪಿನಲ್ಲಿ ತೊಳೆಯುತ್ತೇವೆ.

ಐದರಲ್ಲಿ ಮೂರು ನಕ್ಷತ್ರ. ಪೆಟ್ಟಿಗೆ ಮೇಲೆ 10 ಪಟ್ಟು ಎಂದೇ ಬರೆದಿದ್ದರೆ ನಾಲ್ಕು ಕೊಡುತ್ತಿದ್ದೆ.