ಮ್ಯಾಕ್ರೋದಲ್ಲಿ ‘ಮಾಡ್ 2 = 1’ ಬರೆದಿದ್ದೀರಾ? ಒಮ್ಮೆ ತೆರೆದು ನೋಡಿ

ಎಕ್ಸೆಲ್ ಮ್ಯಾಕ್ರೋದಲ್ಲಿ ಬೆಸ ಸಂಖ್ಯೆ ಹಿಡಿಯಲು ‘ಮಾಡ್ 2 = 1’ (ಎರಡರಿಂದ ಭಾಗಿಸಿದರೆ ಶೇಷ 1) ಎಂದು ಬರೆದಿದ್ದರೆ ಇವತ್ತೇ ಅಳಿಸಿ ‘ಮಾಡ್ 2 <> 0’ (ಶೇಷ ಸೊನ್ನೆ ಅಲ್ಲ) ಮಾಡಿ. ನನಗೆ ಇದು ತಿಳಿದದ್ದು ಮಾರ್ಚ್ ಕೊನೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ಲೆಕ್ಕ ತಾಳೆಯಾಗದೆ ಕೂತಿದ್ದಾಗ.

ನಾನು ಲೆಕ್ಕ ಬರೆಯುವ ಅಂಗಡಿಗೆ ಅಣ್ಣ-ತಮ್ಮ ಪಾಲುದಾರರು. ಪ್ರತಿ ಬಿಲ್ಲಿನ ಲಾಭ ಅರ್ಧರ್ಧ; ಬೆಸ ಬಂದರೆ ಮಿಕ್ಕ ಒಂದು ರೂಪಾಯಿ ಅಣ್ಣನಿಗೆ. 37 ಬಂದರೆ 19 ಮತ್ತು 18. ಹತ್ತು ಸಾಲಿನ ಮ್ಯಾಕ್ರೋ, ತಿಂಗಳುಗಟ್ಟಲೆ ಸಲೀಸಾಗಿ ಓಡಿತ್ತು. ವರ್ಷದ ಕೊನೆಗೆ ಇಬ್ಬರ ಖಾತೆ ಕೂಡಿಸಿದರೆ ಲಾಭಕ್ಕಿಂತ 43 ರೂಪಾಯಿ ಹೆಚ್ಚು! ಕಡಿಮೆ ಬಂದಿದ್ದರೆ ಜೇಬಿನಿಂದ ಹಾಕಿ ಮಲಗುತ್ತಿದ್ದೆನೋ ಏನೋ.

ಕಾರಣ, ಸರಕು ವಾಪಸ್ ಬಂದ ಬಿಲ್ಲುಗಳು. ಅವು ಮೈನಸ್‌ನಲ್ಲಿರುತ್ತವೆ. ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎಯಲ್ಲಿ -37 ಮಾಡ್ 2 ಎಂದರೆ 1 ಅಲ್ಲ, -1. ನನ್ನ ಷರತ್ತಿಗೆ ಅದು ಬೆಸವೇ ಅಲ್ಲ; ಇಬ್ಬರಿಗೂ -18 ಬರೆದು ಮುಂದೆ ಹೋಗಿದೆ. ಅಂಥ ಬಿಲ್ಲು 43. ದಾರಿ ತಪ್ಪಿಸಿದ್ದು ಹಾಳೆಯಲ್ಲಿರುವ ಮಾಡ್ ಸೂತ್ರ: ಸೆಲ್‌ನಲ್ಲಿ ಅದೇ -37 ಹಾಕಿ ನೋಡಿದರೆ ಉತ್ತರ 1! ಒಂದೇ ಹೆಸರು, ಎರಡು ನಡತೆ. ಮ್ಯಾಕ್ರೋದ ಲೆಕ್ಕವನ್ನು ವಿಬಿಎ ಎಡಿಟರಿನ ಇಮ್ಮೀಡಿಯೆಟ್ ವಿಂಡೋದಲ್ಲೇ (ಒಂದೊಂದೇ ಸಾಲು ಓಡಿಸಿ ನೋಡುವ ಕಿಟಕಿ) ಪರೀಕ್ಷಿಸಿ, ಹಾಳೆಯಲ್ಲಲ್ಲ.

ಗೆಳೆಯನೊಬ್ಬ ‘ಆ್ಯಂಡ್ 1’ ಹಾಕು, ಮೈನಸ್ಸಿಗೂ ನಡೆಯುತ್ತೆ ಅಂದ. ಅವನು ಹೇಳಿದ್ದು ನಿಜವೇ: ಆ್ಯಂಡ್ ಸಂಖ್ಯೆಗಳನ್ನು ಬೈನರಿಯಲ್ಲಿ (0, 1ಗಳಲ್ಲಿ) ಹೋಲಿಸುತ್ತದೆ, ಅಲ್ಲಿ ಬೆಸದ ಕೊನೆಯ ಅಂಕಿ ಯಾವಾಗಲೂ 1. ನಾನು ಅವಸರದಲ್ಲಿ ‘ಎನ್ ಆ್ಯಂಡ್ 1 = 1’ (ಎನ್ ಅಂದರೆ ಬಿಲ್ಲಿನ ಲಾಭ) ಎಂದು ಬರೆದೆ, ಆವರಣ ಹಾಕಲಿಲ್ಲ. ವಿಬಿಎ ಮೊದಲು ‘1 = 1’ ನೋಡುತ್ತದೆ; ಅದು ನಿಜ, ಅಂದರೆ -1. ಎನ್ ಜೊತೆ -1 ಆ್ಯಂಡ್ ಮಾಡಿದರೆ ಸಿಗುವುದು ಎನ್ನೇ. ಸೊನ್ನೆ ಬಿಟ್ಟು ಮಿಕ್ಕದ್ದೆಲ್ಲ ಬೆಸ! 36 ರೂಪಾಯಿ 19 ಮತ್ತು 18 ಆಗಿ ಹಂಚಿಹೋಯಿತು. ಬರೆಯುವುದಾದರೆ ‘(ಎನ್ ಆ್ಯಂಡ್ 1) = 1’.

ಪೈಸೆ ಇರುವವರು ಇನ್ನೂ ಹುಷಾರು. ಮಾಡ್ ಮೊದಲು ಪೂರ್ಣಾಂಕ ಮಾಡಿಕೊಳ್ಳುತ್ತದೆ, ಸರಿಯಾಗಿ ಅರ್ಧವಿದ್ದರೆ ಸಮದ ಕಡೆಗೆ: 36.5 ಎಂದರೆ 36, 37.5 ಎಂದರೆ 38. ಎರಡೂ ಸಮ ಅನ್ನುತ್ತದೆ. ಖಾಲಿ ಸೆಲ್ಲೂ ಸಮವೇ.

ನನ್ನ ಮ್ಯಾಕ್ರೋಗೆ ‘<> 0’ ಒಂದೇ ಸಾಲಲಿಲ್ಲ. -37 ಬಂದಾಗ ಅಣ್ಣನ ಪಾಲಿನ -18ಕ್ಕೆ 1 ಕೂಡಿಸಿ -17 ಮಾಡಿತು; ಬೇಕಿದ್ದದ್ದು -19. ಕೊನೆಗೆ ತಮ್ಮನಿಗೆ ‘ಎನ್ \ 2’ (ಎರಡರಿಂದ ಭಾಗಿಸಿ ಬಂದ ಪೂರ್ಣಾಂಕ), ಉಳಿದದ್ದು ಅಣ್ಣನಿಗೆ ಎಂದು ಬರೆದೆ. ಬೆಸ-ಸಮ ನೋಡುವ ಸಾಲೇ ಬೇಕಿರಲಿಲ್ಲ.