ಉಕ್ಕಿನ ಕೇಬಲ್ಲೋ, ಸಿಂಥೆಟಿಕ್ ಹಗ್ಗವೋ: ಎರಡು ವಿಂಚ್, ಎರಡು ಮಳೆಗಾಲ

ನಮ್ಮ ತೋಟ ಸಕಲೇಶಪುರದಿಂದ ಒಳಗೆ, ಬಿಸಿಲೆ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊನೆಯ ಎರಡು ಕಿಲೋಮೀಟರ್ ಪೂರ್ತಿ ಜೇಡಿ ಕೆಸರು. ಒಂದು ಕಡೆ ಧರೆ, ಇನ್ನೊಂದು ಕಡೆ ಗದ್ದೆ. ಮೊದಲೆಲ್ಲ ಗಾಡಿ ಹೂತರೆ ಲೈನ್ ಮನೆಗಳಿಂದ, ಅಂದರೆ ತೋಟದ ಕೆಲಸದವರ ಸಾಲು ಮನೆಗಳಿಂದ, ಆರೇಳು ಜನ ಬಂದು ತಳ್ಳುತ್ತಿದ್ದರು. ಈಗ ಅಷ್ಟು ಜನ ಸಿಗುವುದಿಲ್ಲ. ಹಾಗಾಗಿ ನಾನೂ ಭಾವನೂ ಒಂದೇ ವರ್ಷ ಗಾಡಿಯ ಮುಂದೆ ಎಲೆಕ್ಟ್ರಿಕ್ ವಿಂಚ್ ಹಾಕಿಸಿದೆವು. ಮರಕ್ಕೆ ಕಟ್ಟಿದ ಹಗ್ಗವನ್ನು ಮೋಟರಿನಿಂದ ಡ್ರಮ್ಮಿಗೆ ಸುತ್ತಿಕೊಳ್ಳುತ್ತಾ ಹೂತ ಗಾಡಿಯನ್ನು ಎಳೆಯುವ ಯಂತ್ರ ಅದು. ಇಬ್ಬರದ್ದೂ ಹಳೇ ಮಹೀಂದ್ರಾ ಥಾರ್ ಸಿಆರ್‌ಡಿಇ ಜೀಪ್. ಭಾವ ತಂದಿದ್ದು 12000 ಪೌಂಡ್ ಎಳೆಯುವ ಶಕ್ತಿಯದು, ಉಕ್ಕಿನ ಕೇಬಲ್ ಇರುವುದು. ನನ್ನದು 9500 ಪೌಂಡಿನದು, ಸಿಂಥೆಟಿಕ್ ಹಗ್ಗದ್ದು. ಎರಡು ಮಳೆಗಾಲ ಎರಡನ್ನೂ ಒಂದೇ ರಸ್ತೆಯಲ್ಲಿ, ಎಷ್ಟೋ ಸಲ ಒಂದೇ ಗುಂಡಿಯಲ್ಲಿ ಬಳಸಿದ್ದೇವೆ.

ಅಂಗಡಿಯಲ್ಲಿ ಮೊದಲು ಬರುವ ಮಾತೇ ಎಷ್ಟು ಪೌಂಡಿನದು ಬೇಕು ಅಂತ. ಸಾಮಾನ್ಯ ಲೆಕ್ಕ ಸರಳ: ಗಾಡಿ, ಜನ, ಸಾಮಾನು ಎಲ್ಲ ಸೇರಿದ ತೂಕದ ಒಂದೂವರೆ ಪಟ್ಟು. ಗೊಬ್ಬರದ ಚೀಲ ಹೇರಿಕೊಂಡರೆ ನನ್ನ ಥಾರ್ ಸುಮಾರು 2200 ಕೆಜಿ. ಒಂದೂವರೆ ಪಟ್ಟು ಅಂದರೆ 3300 ಕೆಜಿ, 7300 ಪೌಂಡಿನ ಹತ್ತಿರ. 9500 ಪೌಂಡ್ ಅಂದರೆ 4300 ಕೆಜಿ. ಧಾರಾಳ ಆಯ್ತಲ್ವಾ? ಆದರೆ ಅಷ್ಟು ಬಲ ಸಿಗುವುದು ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರ ಮಾತ್ರ ಉಳಿದಿರುವಾಗ. ಪದರದ ಮೇಲೆ ಪದರ ಸುತ್ತಿದ ಹಾಗೆ ಡ್ರಮ್ ದಪ್ಪವಾಗುತ್ತದೆ, ಎಳೆತ ಇಳಿಯುತ್ತದೆ. ನನ್ನ ವಿಂಚಿನಲ್ಲಿ ನಾಲ್ಕನೇ ಪದರಕ್ಕೆ ಬರುವಷ್ಟರಲ್ಲಿ 2600 ಕೆಜಿ ಮಾತ್ರ ಉಳಿದಿರುತ್ತದೆ. ಹತ್ತು ಅಡಿ ದೂರದ ಮರಕ್ಕೆ ಕಟ್ಟಿ ಒದ್ದಾಡುವುದಕ್ಕಿಂತ ಎಪ್ಪತ್ತು ಅಡಿ ದೂರದ ಮರಕ್ಕೆ ಕಟ್ಟುವುದು ಮೇಲು ಅನ್ನುವುದು ಇದಕ್ಕೇ.

ಬಲದಲ್ಲಿ ಭಾವನದ್ದು ಮೇಲು, ಅದರಲ್ಲಿ ಸಂಶಯ ಇಲ್ಲ. ಗದ್ದೆ ಅಂಚಿನಲ್ಲಿ ಆಕ್ಸಲ್ ಮುಳುಗುವಷ್ಟು ಹೂತಾಗ ನನ್ನ ವಿಂಚ್ ಎರಡು ಸಲ ನಿಂತುಹೋಯಿತು. ಅದೇ ಜಾಗದಿಂದ ಭಾವನ ವಿಂಚ್ ಗಾಡಿಯನ್ನು ನಿಧಾನಕ್ಕೆ, ಆದರೆ ನಿಲ್ಲಿಸದೆ ಎಳೆಯಿತು. ಅದರ ಗೇರ್ 265ಕ್ಕೆ 1, ಅಂದರೆ ಮೋಟರ್ 265 ಸುತ್ತು ತಿರುಗಿದರೆ ಡ್ರಮ್ ಒಂದು ಸುತ್ತು. ನನ್ನದು 218ಕ್ಕೆ 1. ಆದರೆ ನಾನು ಒಂದು ರಾಟೆ ಹಾಕಿ, ಹಗ್ಗವನ್ನು ಮರದಿಂದ ತಿರುಗಿಸಿ ಗಾಡಿಯ ಕೊಕ್ಕೆಗೇ ತಂದು ಸಿಕ್ಕಿಸಿದ ಮೇಲೆ ನನ್ನದೂ ಎಳೆಯಿತು. ಬಾವಿಯ ರಾಟೆಯಂಥದೇ, ದಪ್ಪ ಉಕ್ಕಿನದು. ವೇಗ ಅರ್ಧ ಆಗುತ್ತದೆ, ಎಳೆತ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಮೋಟರಿನ ಮೇಲಿನ ಭಾರವೂ ಇಳಿಯುತ್ತದೆ. 12000 ಪೌಂಡಿನದಕ್ಕೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಒಳ್ಳೆ ರಾಟೆ ಬರುತ್ತದೆ. ಇನ್ನೊಂದು ವಿಷಯ ತೂಕ. ಕೇಬಲ್ ಸೇರಿ ಭಾವನದ್ದು 40 ಕೆಜಿ ಹತ್ತಿರ, ನನ್ನದು 28. ಅಷ್ಟೂ ಭಾರ ಮುಂದಿನ ಚಕ್ರಗಳಿಗಿಂತ ಮುಂದೆ ನೇತಾಡುತ್ತದೆ. ಭಾವನ ಗಾಡಿಯ ಮೂತಿ ಮೊದಲ ವರ್ಷವೇ ಬಗ್ಗಿತು, ಮುಂದಿನ ಸ್ಪ್ರಿಂಗ್ ಬದಲಿಸಬೇಕಾಯಿತು.

ನಿಜವಾದ ವ್ಯತ್ಯಾಸ ನನಗೆ ಕಂಡಿದ್ದು ಹಗ್ಗದಲ್ಲಿ.

ಉಕ್ಕಿನ ಕೇಬಲ್ ಒರಟು ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಲ್ಲಿಗೆ ಉಜ್ಜಲಿ, ಬೇರಿಗೆ ಉಜ್ಜಲಿ, ತಡೆಯುತ್ತದೆ. ಬಿದ್ದ ಮರದ ದಿಮ್ಮಿ ಎಳೆಯುವವರಿಗೆ ಇವತ್ತಿಗೂ ನಾನು ಅದನ್ನೇ ಹೇಳುತ್ತೇನೆ. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಭಾವನ ಕೇಬಲ್ಲಿಗೆ ತುಕ್ಕು ಬಂತು. ಅಲ್ಲಲ್ಲಿ ಎಳೆ ಕಿತ್ತು ಮುಳ್ಳಿನ ಹಾಗೆ ಎದ್ದಿತು. ಆ ಮುಳ್ಳು ಚರ್ಮದ ಗ್ಲೌಸ್ ದಾಟಿ ಅಂಗೈಗೆ ಇಳಿದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಸಲ ಮಡಿಕೆ ಬಿದ್ದು ಸೊಟ್ಟಗಾದರೆ ಆ ಜಾಗದಲ್ಲಿ ಬಲ ಶಾಶ್ವತವಾಗಿ ಹೋದ ಹಾಗೆ. ಎಲ್ಲಕ್ಕಿಂತ ದೊಡ್ಡ ಭಯ, ಎಳೆತದಲ್ಲಿರುವಾಗ ಹರಿದರೆ ಏನು ಗತಿ ಅನ್ನುವುದು. ಭಾರದ ಉಕ್ಕು ಚಾಟಿಯ ಹಾಗೆ ಬೀಸಿ ಬರುತ್ತದೆ. ಹಾಗಾಗಿ ಕೇಬಲ್ಲಿನ ನಡುವೆ ದಪ್ಪ ಕಂಬಳಿಯನ್ನೋ, ಡ್ಯಾಂಪರ್ ಅನ್ನುವ ಭಾರದ ಹೊದಿಕೆಯನ್ನೋ ಹೊದಿಸದೆ ನಾವು ಸ್ವಿಚ್ ಒತ್ತುವುದೇ ಇಲ್ಲ. ನೋಡೋಕೆ ಬಂದ ಮಕ್ಕಳನ್ನು ಹಗ್ಗದ ಉದ್ದಕ್ಕಿಂತ ದೂರ ಕಳಿಸುತ್ತೇವೆ.

ಸಿಂಥೆಟಿಕ್ ಹಗ್ಗ ಹಗುರ. ಅಷ್ಟೇ ಬಲದ ಉಕ್ಕಿನ ಏಳರಲ್ಲಿ ಒಂದು ಪಾಲು ತೂಕ ಅನ್ನಬಹುದು. ಇಂಬಳ ಕಚ್ಚಿಸಿಕೊಂಡು, ಮೊಣಕಾಲುದ್ದದ ಕೆಸರಲ್ಲಿ, ಏರಿನಲ್ಲಿ ಮರದ ತನಕ ಹಗ್ಗ ಹೊತ್ತು ಹತ್ತುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ನನ್ನ ಹದಿನಾರರ ಮಗಳು ಒಬ್ಬಳೇ ಎಳೆದುಕೊಂಡು ಹೋಗುತ್ತಾಳೆ. ಕೇಬಲ್ ಆದರೆ ಇಬ್ಬರು ಬೇಕು. ಹರಿದರೂ ಉಕ್ಕಿನಷ್ಟು ರಭಸದಲ್ಲಿ ಬೀಸುವುದಿಲ್ಲ. ಆದರೆ ತುದಿಯಲ್ಲಿ ಕೊಕ್ಕೆಯೋ ಶಾಕಲ್ಲೋ (U ಆಕಾರದ ಉಕ್ಕಿನ ಕೊಂಡಿ) ಇದ್ದರೆ ಅದು ಹಾರಿ ಬರಬಹುದು, ಅದಕ್ಕೇ ಇಲ್ಲಿಯೂ ಡ್ಯಾಂಪರ್ ಬಿಡಬಾರದು.

ಇದಕ್ಕೂ ಶತ್ರುಗಳಿವೆ. ಮೊದಲನೆಯದು ಚೂಪು ಅಂಚು. ಹಿಂದಿನ ಜುಲೈನಲ್ಲಿ ಧರೆಯ ಕಲ್ಲಿಗೆ ತಾಗಿ ನನ್ನ ಹಗ್ಗ ಕತ್ತರಿಸಿತು. ಟಾರ್ಚ್ ಬೆಳಕಲ್ಲಿ ಅಲ್ಲೇ ಕೂತು ಎರಡು ತುಂಡನ್ನೂ ಒಂದರೊಳಗೆ ಒಂದು ಹೆಣೆದು ಗಾಡಿ ಎಬ್ಬಿಸಿದೆ. ಕೇಬಲ್ಲಿಗೆ ಆ ಅನುಕೂಲ ಇಲ್ಲ. ಹೆಣೆಯುವುದನ್ನು ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳಿ. ಎರಡನೆಯದು ಬಿಸಿ. ಹೆಚ್ಚಿನ ಪ್ಲಾನೆಟರಿ ಗೇರಿನ ವಿಂಚ್‌ಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ಗಾಡಿಯ ಭಾರ ಹಿಡಿದುಕೊಂಡು ಹಗ್ಗ ಬಿಡುವಾಗ, ಅಂದರೆ ಇಳಿಜಾರಿನಲ್ಲಿ ಇಳಿಸುವಾಗ, ಡ್ರಮ್ ಕಾಯುತ್ತದೆ. ಈ ನೂಲು ಕರಗುವುದು 145 ಡಿಗ್ರಿ ಆಸುಪಾಸಿನಲ್ಲಾದರೂ ಬಲ ಕಳೆದುಕೊಳ್ಳುವುದು ಅದಕ್ಕಿಂತ ಎಷ್ಟೋ ಮೊದಲೇ. ಹಾಗಾಗಿ ಉದ್ದದ ಇಳಿತಕ್ಕೆ ನಾನು ವಿಂಚ್ ಬಳಸುವುದಿಲ್ಲ. ಮೂರನೆಯದು ಮರಳು, ಕೆಸರು. ಎಳೆಗಳ ಒಳಗೆ ಸೇರಿ ಒಳಗಿಂದಲೇ ತಿನ್ನುತ್ತವೆ. ತಿಂಗಳಿಗೊಮ್ಮೆ ಪೂರ್ತಿ ಬಿಚ್ಚಿ, ಬಕೆಟ್ಟಿನಲ್ಲಿ ನೆನೆಸಿ ತೊಳೆಯುತ್ತೇನೆ.

ಎಳೆಯುವಾಗ ಡ್ರಮ್ಮಿನ ಮೇಲೆ ಕೇಬಲ್ ಆದರೆ ಕನಿಷ್ಠ ಐದು ಸುತ್ತು, ಸಿಂಥೆಟಿಕ್ ಆದರೆ ಎಂಟು ಹತ್ತು ಸುತ್ತು ಉಳಿದಿರಲೇಬೇಕು. ಹಗ್ಗ ಜಾರುವ ಜಾತಿಯದು. ತುದಿಯನ್ನು ಡ್ರಮ್ಮಿಗೆ ಹಿಡಿಸುವ ಬೋಲ್ಟ್ ಭಾರ ಹೊರುವುದಕ್ಕೆ ಇಟ್ಟಿದ್ದಲ್ಲ.

ಇನ್ನು ಕರೆಂಟು. ಇಲ್ಲಿ ಇಬ್ಬರೂ ಮೊದಲು ತಪ್ಪಿದ್ದೆವು. ಪೂರ್ತಿ ಭಾರದಲ್ಲಿ ಇಂಥ ವಿಂಚ್ 400 ಆಂಪಿಯರಿನಷ್ಟು ಎಳೆಯುತ್ತದೆ. ಗಾಡಿಯ ಆಲ್ಟರ್ನೇಟರ್ ಕೊಡುವುದು ಅದರ ಕಾಲು ಭಾಗ ಇರಬಹುದು. ಉಳಿದದ್ದೆಲ್ಲ ಬ್ಯಾಟರಿಯಿಂದಲೇ ಬರಬೇಕು. ಭಾವನ ಬ್ಯಾಟರಿ ಹಳೆಯದಿತ್ತು. ಎಳೆತದ ನಡುವೆ ಮೀಟರ್ ಇಟ್ಟು ನೋಡಿದರೆ ವೋಲ್ಟೇಜು 9ಕ್ಕೆ ಬಂದಿತ್ತು. 12000 ಪೌಂಡಿನ ವಿಂಚ್ ಅಲ್ಲಿ ನನ್ನದಕ್ಕಿಂತ ಸಪ್ಪೆಯಾಗಿ ಎಳೆಯಿತು! ಹೊಸ ಬ್ಯಾಟರಿ ಹಾಕಿದ ಮೇಲೆ ಅದೇ ವಿಂಚ್ ಬೇರೆಯದೇ ಅನ್ನುವಂತಾಯಿತು. ನನ್ನ ಗಾಡಿಗೆ ಫಿಟ್ಟಿಂಗ್ ಮಾಡಿದವರು ತೆಳ್ಳಗಿನ ವೈರ್ ಹಾಕಿದ್ದರು. ಮುಟ್ಟಿದರೆ ಕೈ ಸುಡುತ್ತಿತ್ತು. ಈಗ 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಇದೆ, ನೆಗೆಟಿವ್ ಕೂಡ ಬಾಡಿಗಲ್ಲ, ನೇರ ಬ್ಯಾಟರಿಗೇ. ಎಳೆಯುವಾಗ ಇಂಜಿನ್ ಚಾಲೂ ಇರಲಿ, ಒಂದು ನಿಮಿಷ ಎಳೆದು ಮೋಟರಿಗೆ ಸ್ವಲ್ಪ ಬಿಡುವು ಕೊಡಿ.

ಈ ಮಾತು ಮಾತ್ರ ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಆಗಸ್ಟಿನ ಒಂದು ರಾತ್ರಿ ಭಾವನ ವಿಂಚಿನ ಸೊಲೆನಾಯ್ಡ್, ಅಂದರೆ ಮೋಟರಿಗೆ ಕರೆಂಟು ಕೊಡುವ ಸ್ವಿಚ್ಚು, ಒಳಗೆ ಅಂಟಿಕೊಂಡಿತು. ರಿಮೋಟಿನ ಗುಂಡಿ ಬಿಟ್ಟರೂ ವಿಂಚ್ ನಿಲ್ಲಲಿಲ್ಲ. ಕೊಕ್ಕೆ ಬಂದು ಕೇಬಲ್ ಹಾಯುವ ಮುಂದಿನ ರೋಲರಿಗೆ ಬಡಿಯಿತು, ಪ್ಲೇಟ್ ಬಗ್ಗಿತು, ಆದರೂ ಮೋಟರ್ ಎಳೆಯುತ್ತಲೇ ಇತ್ತು. ಬಾನೆಟ್ ಎತ್ತಿ ಸ್ಪ್ಯಾನರಿನಲ್ಲಿ ಬ್ಯಾಟರಿ ತಂತಿ ಬಿಚ್ಚುವವರೆಗೆ ಇಬ್ಬರಿಗೂ ಉಸಿರು ನಿಂತ ಹಾಗಾಗಿತ್ತು. ಯಾರದ್ದಾದರೂ ಬೆರಳು ಅಲ್ಲಿದ್ದಿದ್ದರೆ? ಮರುದಿನವೇ ಎರಡೂ ಗಾಡಿಗೆ ಕೈಗೆ ಸಿಗುವ ಜಾಗದಲ್ಲಿ ಐಸೊಲೇಟರ್ ಸ್ವಿಚ್ ಹಾಕಿಸಿದೆವು. ವಿಂಚ್ ಬೇಡದಾಗ ಕರೆಂಟು ಅಲ್ಲಿಗೇ ಬಂದ್. ಕಂಟ್ರೋಲ್ ಬಾಕ್ಸ್ ನೀರು ಹೋಗದ್ದೇ ಇರಲಿ. ನಮ್ಮ ಮಳೆಯಲ್ಲಿ ಪೌಂಡಿಗಿಂತ ಇದಕ್ಕೆ ದುಡ್ಡು ಹಾಕುವುದು ಮೇಲು.

ಜೊತೆಗೆ ಬೇಕಾದ್ದು ಜಾಸ್ತಿಯೇನಲ್ಲ: ರಾಟೆ, 4.75 ಟನ್ನಿನ ಎರಡು ಶಾಕಲ್, ಗ್ಲೌಸ್, ಮರಕ್ಕೆ ಸುತ್ತುವ ಅಗಲದ ಪಟ್ಟಿ. ಆ ಪಟ್ಟಿ ಇಲ್ಲದೆ ಹಗ್ಗವನ್ನೇ ಮರಕ್ಕೆ ಸುತ್ತಿ ಕೊಕ್ಕೆ ಸಿಕ್ಕಿಸಿದರೆ ಮರದ ತೊಗಟೆಯೂ ಹೋಗುತ್ತದೆ, ಹಗ್ಗವೂ ಹೋಗುತ್ತದೆ. ತೋಟದಲ್ಲಿ ಕೈಗೆ ಮೊದಲು ಸಿಗುವುದು ಸಿಲ್ವರ್ ಓಕ್. ಅದರ ಮೇಲೆ ಮೆಣಸಿನ ಬಳ್ಳಿ ಇದ್ದೇ ಇರುತ್ತದೆ. ಪಟ್ಟಿ ಬಿಗಿದರೆ ಹತ್ತು ವರ್ಷದ ಬಳ್ಳಿ ಒಂದೇ ಎಳೆತಕ್ಕೆ ಜಜ್ಜಿಹೋಗುತ್ತದೆ. ನಾನು ಹಲಸು, ನೇರಳೆ ಹುಡುಕುತ್ತೇನೆ, ಬುಡಕ್ಕೆ ಆದಷ್ಟು ಹತ್ತಿರ ಕಟ್ಟುತ್ತೇನೆ.

ವಿಂಚ್ ಕೂರಿಸಲು ಹೊರಗೆ ಚಾಚಿದ ಕಬ್ಬಿಣದ ಬುಲ್‌ಬಾರ್ ಹಾಕಿಸಬೇಡಿ. ಅವುಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ನನ್ನದು ಛಾಸಿಗೆ ಬೋಲ್ಟ್ ಮಾಡಿದ ಪ್ಲೇಟಿನ ಮೇಲೆ, ಬಂಪರಿನ ಹಿಂದೆ ಕೂತಿದೆ.

ಮತ್ತೆ ಕೊಳ್ಳುವುದಾದರೆ ನಾನು 9500 ಪೌಂಡಿನ ಸಿಂಥೆಟಿಕ್ ಹಗ್ಗದ್ದನ್ನೇ ಕೊಳ್ಳುತ್ತೇನೆ. ಭಾವನೂ ಈ ಮೇ ತಿಂಗಳಲ್ಲಿ ಕೇಬಲ್ ತೆಗೆಸಿ ಹಗ್ಗ ಹಾಕಿಸಿದರು. ಹಳೇ ರೋಲರಿನ ಮೇಲೆ ಕೇಬಲ್ ಗೀರಿದ ಗೆರೆಗಳಿದ್ದವು, ಬೆರಳಾಡಿಸಿದರೆ ತಾಗುತ್ತಿದ್ದವು. ಹೊಸ ಹಗ್ಗವನ್ನು ಅವು ಒಂದೇ ವಾರದಲ್ಲಿ ತಿಂದುಬಿಡುತ್ತಿದ್ದವು. ರೋಲರನ್ನು ತೆಗೆದು ನಯವಾದ ಅಲ್ಯೂಮಿನಿಯಂ ಹಾಸ್, ಅಂದರೆ ಹಗ್ಗ ಹಾಯುವ ಕಿಂಡಿಯ ಪ್ಲೇಟ್, ಹಾಕಿದೆವು. ಆಮೇಲೆ ಮನೆ ಮುಂದಿನ ಏರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಅದರ ಭಾರದಲ್ಲೇ ಹಗ್ಗವನ್ನು ಬಿಗಿಯಾಗಿ, ಒಂದರ ಪಕ್ಕ ಒಂದು ಸುತ್ತು ಕೂರುವಂತೆ ಸುತ್ತಿದೆವು. ಸುಮ್ನೆ ಸಡಿಲ ಸುತ್ತಿದ್ದರೆ ಮೊದಲ ಎಳೆತಕ್ಕೇ ಮೇಲಿನ ಪದರ ಕೆಳಗಿನದರ ನಡುವೆ ಇಳಿದು ಸಿಕ್ಕಿಕೊಳ್ಳುತ್ತಿತ್ತು.