ಸ್ಯಾನ್ ಫ್ರಾನ್ಸಿಸ್ಕೋದ ಬಣ್ಣದ ಮನೆಗಳು: ನಾಲ್ಕು ಕಡೆ ಹೋಗಿ ನೋಡಿದ ಮೇಲೆ

ಅಮ್ಮ ಮಲ್ಲೇಶ್ವರದಿಂದ ಬಂದು ಮೂರು ತಿಂಗಳು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ನಲ್ಲಿ ನಮ್ಮ ಜೊತೆ ಇದ್ದಳು. ಗೋಲ್ಡನ್ ಗೇಟ್ ಸೇತುವೆ ಒಂದು ಸಲ ನೋಡಿದ್ದು ಅವಳಿಗೆ ಸಾಕಾಯಿತು. ಬಣ್ಣ ಬಳಿದ ಹಳೇ ಮರದ ಮನೆಗಳು ಮಾತ್ರ ಎಷ್ಟು ನೋಡಿದರೂ ಸಾಲಲಿಲ್ಲ. ಹಾಗಾಗಿ ನಾಲ್ಕು ಶನಿವಾರ ನಾಲ್ಕು ಬೇರೆ ಬೇರೆ ಕಡೆ ಸುತ್ತಿದೆವು. ಊರಿಂದ ಯಾರಾದರೂ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಎಲ್ಲರೂ ಹೋಗುವ ಅಲಾಮೋ ಸ್ಕ್ವೇರ್‌ಗೆ. ಬಾರ್ಟ್ ರೈಲಿನಲ್ಲಿ ಸಿವಿಕ್ ಸೆಂಟರ್‌ಗೆ ಬಂದು, ಅಲ್ಲಿಂದ 5ನೇ ನಂಬರ್ ಬಸ್ ಹತ್ತಿದರೆ ಪಾರ್ಕಿನ ಹತ್ತಿರವೇ ಇಳಿಯಬಹುದು. ಸ್ಟೈನರ್ ಬೀದಿಯಲ್ಲಿ ಒಂದರ ಪಕ್ಕ ಒಂದು ನಿಂತಿರುವ ಆ ಸಾಲನ್ನು ಪೋಸ್ಟ್‌ಕಾರ್ಡ್‌ಗಳಲ್ಲಿ ನೀವು ಖಂಡಿತ ನೋಡಿರುತ್ತೀರಿ. ಮ್ಯಾಥ್ಯೂ ಕವನಾ ಎಂಬ ಬಿಲ್ಡರ್ 1892ರಿಂದ 1896ರ ಒಳಗೆ ಕಟ್ಟಿದ್ದು. ಅವನೂ ಅದೇ ಸಾಲಿನ ತುದಿಯ ಮನೆಯಲ್ಲೇ ಇದ್ದ. ಮನೆಗಳ ಬೆನ್ನ ಹಿಂದೆ ಇವತ್ತಿನ ನಗರದ ಎತ್ತರದ ಕಟ್ಟಡಗಳು ಕಾಣುತ್ತವೆ.

ನಾವು ಬೆಳಗ್ಗೆ ಹತ್ತು ಗಂಟೆಗೇ ಹೋಗಿಬಿಟ್ಟೆವು. ಈ ಮನೆಗಳ ಮುಖ ಪಶ್ಚಿಮಕ್ಕೆ. ಸೂರ್ಯ ಅವುಗಳ ಹಿಂದೆ ಇದ್ದ. ಬಣ್ಣ ಎಲ್ಲಾ ಮಂಕು, ಫೋಟೋದಲ್ಲಿ ಬರೀ ಕಪ್ಪು ಕಪ್ಪು. ಅಮ್ಮ ಪಾಪ ಏನೂ ಹೇಳಲಿಲ್ಲ, ಆದರೆ ಮುಖ ಸಣ್ಣದಾಯಿತು. ಆಮೇಲೆ ಇನ್ನೊಂದು ದಿನ ಸಂಜೆ ನಾಲ್ಕಕ್ಕೆ ಹೋದೆವು. ಅದೇ ಬೀದಿ ಅಂತ ನಂಬೋಕೆ ಆಗಲಿಲ್ಲ. ಇಳಿಬಿಸಿಲು ಬಿದ್ದು ಒಂದೊಂದು ಕಿಟಕಿಯ ಚೌಕಟ್ಟೂ ಬೇರೆ ಬೇರೆಯಾಗಿ ಎದ್ದು ಕಾಣುತ್ತಿತ್ತು. ಅಲಾಮೋಗೆ ಹೋಗೋದಾದರೆ ದಯವಿಟ್ಟು ಮಧ್ಯಾಹ್ನ ದಾಟಿದ ಮೇಲೇ ಹೋಗಿ.

ಇಲ್ಲಿ ನನಗೆ ಕಂಡ ಕೊರತೆ ದೂರ. ಪಾರ್ಕಿನ ಹುಲ್ಲಿನ ಮೇಲೆ ಕೂತು ಸಾಲನ್ನು ಒಟ್ಟಿಗೆ ನೋಡೋದು ಚಂದ. ಹತ್ತಿರ ಹೋದರೆ ಫೋಟೋ ತೆಗೆಯುವವರ ಗುಂಪು, ನಿಂತು ನೋಡೋಕೆ ಜಾಗ ಇರುವುದಿಲ್ಲ. ಅಮ್ಮನಿಗೆ ಆ ಸಾಲಿಗಿಂತ ಹಿಡಿಸಿದ್ದು ಪಾರ್ಕಿನ ಇನ್ನೊಂದು ಮೂಲೆಯ, ಫುಲ್ಟನ್ ಬೀದಿಯ ವೆಸ್ಟರ್‌ಫೆಲ್ಡ್ ಮನೆ. ಎತ್ತರದ ಗೋಪುರ ಇದೆ. 1889ರಲ್ಲಿ ಮಿಠಾಯಿ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. "ಸಿಹಿ ಮಾರಿ ಇಷ್ಟು ದೊಡ್ಡ ಮನೆ ಕಟ್ಟಿಸಿದನಾ!" ಅಂತ ಅದರ ಮುಂದೆ ಹತ್ತು ನಿಮಿಷ ನಿಂತಳು.

ಎರಡನೇ ಶನಿವಾರ ಫ್ರಾಂಕ್ಲಿನ್ ಬೀದಿಯ ಹಾಸ್-ಲಿಲಿಯೆಂತಾಲ್ ಮನೆ. 1886ರದ್ದು, ಈಗ ಮ್ಯೂಸಿಯಂ. ಒಳಗೆ ಹೋಗಿ ನೋಡಬಹುದು, ಆದರೆ ಪ್ರತಿದಿನ ತೆಗೆದಿರುವುದಿಲ್ಲ. ವಿಚಾರಿಸಿಕೊಂಡು ಹೋಗಿ. ಹೊರಗೆ ಇದು ಬೂದು ಬಣ್ಣದ ಮನೆ. ಬಣ್ಣದ ಮನೆ ನೋಡೋಕೆ ಹೊರಟವರನ್ನು ಬೂದು ಮನೆಗೆ ಯಾಕೆ ಕರೆದುಕೊಂಡು ಹೋದೆ ಅಂತ ಕೇಳಬಹುದು. ಗೋಪುರ, ಕಮಾನು, ಕೆತ್ತನೆ ಎಲ್ಲಾ ಇದ್ದೂ ಒಂದೇ ಬಣ್ಣದಲ್ಲಿ ಅವು ಹೇಗೆ ಒಂದರೊಳಗೊಂದು ಸೇರಿಹೋಗುತ್ತವೆ ಅಂತ ಇಲ್ಲಿ ಕಾಣುತ್ತದೆ. ಇದನ್ನು ನೋಡಿದ್ದರಿಂದಲೇ ಬಣ್ಣ ಏನು ಕೆಲಸ ಮಾಡುತ್ತದೆ ಅಂತ ನನಗೆ ಅರ್ಥವಾಯಿತು.

ಒಂದು ಕಾಲಕ್ಕೆ ಇಡೀ ಊರೇ ಹೆಚ್ಚುಕಡಿಮೆ ಹೀಗಿತ್ತು. ಮಹಾಯುದ್ಧಗಳ ನಂತರ ನೌಕಾಪಡೆಯ ಹತ್ತಿರ ಮಿಕ್ಕಿದ್ದ ಬೂದು ಪೇಂಟ್ ಅಗ್ಗಕ್ಕೆ ಸಿಗುತ್ತಿತ್ತಂತೆ. ಬಹಳ ಮನೆಗಳಿಗೆ ಅದನ್ನೇ ಬಳಿದರು. 1963ರಲ್ಲಿ ಬುಚ್ ಕಾರ್ಡಮ್ ಎಂಬ ಕಲಾವಿದ ತನ್ನ ಮನೆಗೆ ಗಾಢ ನೀಲಿ, ಹಸಿರು ಬಳಿದ. ಕೆಲವರು ಬೈದರು, ಇನ್ನು ಕೆಲವರು ತಮ್ಮ ಮನೆಗೂ ಬಳಿಸಿಕೊಂಡರು. ಇವತ್ತು ನಾವು ನೋಡುವ ಈ ಬಣ್ಣಗಳ ಜೋರು ಆಗ ಶುರುವಾಗಿದ್ದು. ಇಂಥ ಬಣ್ಣದ ಮನೆಗಳಿಗೆ 'ಪೇಂಟೆಡ್ ಲೇಡೀಸ್' ಅನ್ನುವ ಹೆಸರು ಬಂದಿದ್ದಂತೂ 1978ರಲ್ಲಿ. ಮನೆಗಳಿಗೆ ನೂರು ವರ್ಷ ಯಾವಾಗಲೋ ದಾಟಿದೆ, ಹೆಸರಿಗೆ ಅದರ ಅರ್ಧವೂ ಆಗಿಲ್ಲ.

ಮೂರನೇದು ಮಿಷನ್ ಬದಿಯ ಲಿಬರ್ಟಿ ಬೀದಿ. ಇಲ್ಲಿಗೆ ಜೆ ಚರ್ಚ್ ರೈಲು ಇದೆ. 1906ರ ಭೂಕಂಪದ ನಂತರ ಎದ್ದ ಬೆಂಕಿಯನ್ನು ಈ ಕಡೆ 20ನೇ ಬೀದಿಯಲ್ಲಿ ತಡೆದರು. ಅದಕ್ಕೇ ಅದರ ದಕ್ಷಿಣಕ್ಕೆ ಹಳೇ ಮನೆಗಳು ಉಳಿದಿವೆ. ಆ ದಿನ ನೀರು ಕೊಟ್ಟ ನಲ್ಲಿಕಂಬ 20ನೇ ಬೀದಿ ಮತ್ತು ಚರ್ಚ್ ಬೀದಿಯ ಮೂಲೆಯಲ್ಲಿ ಈಗಲೂ ಇದೆ. ಪ್ರತಿ ವರ್ಷ ಏಪ್ರಿಲ್ 18ರ ನಸುಕಿನಲ್ಲಿ ಅದಕ್ಕೆ ಹೊಸದಾಗಿ ಚಿನ್ನದ ಬಣ್ಣ ಬಳಿಯುತ್ತಾರೆ. ಅಮ್ಮ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬೀದಿ ಶಾಂತ, ಮನೆಗಳು ಸುಂದರ. ಆದರೆ ಏರು ಜಾಸ್ತಿ. ಮಂಡಿನೋವು ಇದ್ದವರನ್ನು ಕರೆದುಕೊಂಡು ಹೋಗಬೇಡಿ.

ಇನ್ನು ನಾಲ್ಕನೇದು, ಹೇಟ್-ಆಷ್‌ಬರಿಯ ವಾಲರ್ ಬೀದಿ. ನನ್ನ ಪೂರ್ತಿ ಮನಸ್ಸು ಇದಕ್ಕೇ.

ಮಸೋನಿಕ್ ಅವೆನ್ಯೂ ಹತ್ತಿರ ಇಲ್ಲಿ ನಾಲ್ಕು ಮನೆಗಳು ಸಾಲಾಗಿವೆ. ನಾಲ್ಕು ಋತುಗಳ ಮನೆಗಳು ಅಂತಲೇ ಕರೆಯುತ್ತಾರೆ. ಒಂದೊಂದಕ್ಕೆ ಒಂದೊಂದು ಋತುವಿನ ಬಣ್ಣ. ಫುಟ್‌ಪಾತ್ ಮೇಲೆ ನಿಂತರೆ ಮನೆ ಎದುರಿಗೇ ಇರುತ್ತದೆ, ಕತ್ತೆತ್ತಿದರೆ ಸಾಕು. ಗೋಡೆಗೆ ಒಂದು ಬಣ್ಣ, ಅಂಚುಗಳಿಗೆ ಒಂದು, ಕೆತ್ತನೆಗಳಿಗೆ ಮತ್ತೊಂದು. ಈ ಬೀದಿಗಳ ಮನೆಗಳಲ್ಲಿ ಮರದ ತುಂಡುಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಜೋಡಿಸಿದ್ದು ಕಾಣುತ್ತದೆ. ಸೂರಿನ ಕೆಳಗೆ ದಾರದುಂಡೆಯಂಥ ಸಣ್ಣ ಸಣ್ಣ ಕಡೆತದ ಕಂಬಗಳು. ಉತ್ತರದ ಕಾಡುಗಳಿಂದ ತಂದ ರೆಡ್‌ವುಡ್ ಮರ ಮೃದು, ಚೆನ್ನಾಗಿ ಕೊರೆಯಬಹುದು. ಮಿಲ್‌ಗಳಲ್ಲಿ ಯಂತ್ರದಿಂದ ಕೊರೆದು ರಾಶಿ ರಾಶಿ ಮಾರುತ್ತಿದ್ದರು. ಸೈಟು ಸಾಮಾನ್ಯವಾಗಿ 25 ಅಡಿ ಅಗಲ ಮಾತ್ರ. ಪಕ್ಕದಲ್ಲಿ ಕಿಟಕಿ ಇಡೋಕೆ ಜಾಗ ಇಲ್ಲ, ಹಾಗಾಗಿ ಬೆಳಕಿಗಾಗಿ ಮುಂದಿನ ಕಿಟಕಿಯನ್ನೇ ಬೀದಿಯ ಕಡೆ ಚಾಚಿದರು. ಮಾಡಬೇಕಾದ ಅಲಂಕಾರವೆಲ್ಲ ಆ ಕಿರಿದಾದ ಮುಖದ ಮೇಲೇ. ಬಣ್ಣ ಬಳಿದವರು ಅದರ ಒಂದು ಗೆರೆಯನ್ನೂ ಬಿಟ್ಟಿಲ್ಲ.

ಅಮ್ಮ ಸೂರಿನ ಕಡೆ ಬೆರಳು ತೋರಿಸಿ, "ನೋಡೇ, ನಮ್ಮ ಎಂಟನೇ ಕ್ರಾಸ್ ಹತ್ತಿರದ ಹಳೇ ಮನೆಯ ಮಂಕಿ ಟಾಪ್ ಥರಾನೇ ಇದೆ ಅಲ್ವಾ? ಅದನ್ನ ಕೆಡವಿಬಿಟ್ಟರು ಕಣೇ" ಅಂದಳು. ನನಗೆ ಆ ಮನೆ ನೆನಪಿತ್ತು. ಕಿಟಕಿಯ ಮೇಲೆ ಮೂರು ಮೂಲೆಯ ಮರದ ಟೋಪಿ, ಅದರ ತುಂಬ ಸಣ್ಣ ಪಟ್ಟಿಗಳ ಜಾಲರಿ, ಹಸಿರು ಪೇಂಟು. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನಿಂತೆವು.

ಒಂದೇ ಮಧ್ಯಾಹ್ನ ಇದ್ದರೆ ಎರಡು ಗಂಟೆಗೆ ವಾಲರ್ ಬೀದಿಯಲ್ಲಿ ಶುರು ಮಾಡಿ. ಒಂದು ಗಂಟೆ ನಿಧಾನವಾಗಿ ಅಕ್ಕಪಕ್ಕದ ಬೀದಿ ಸುತ್ತಿ, ಟ್ಯಾಕ್ಸಿ ಹಿಡಿದು ನಾಲ್ಕಕ್ಕೆ ಅಲಾಮೋ ಸೇರಿ. ಸ್ವೆಟರ್ ಇರಲಿ, ಗುಡ್ಡದ ಮೇಲೆ ಗಾಳಿ ಜೋರು. ಮಕ್ಕಳಿದ್ದರೆ ಅಲಾಮೋ ಪಾರ್ಕ್ ಒಂದೇ ಸಾಕು. ಮನೆಯ ಒಳಗೂ ನೋಡುವ ಆಸೆ ಇದ್ದರೆ ಫ್ರಾಂಕ್ಲಿನ್ ಬೀದಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಹೊರಡುವ ಹಿಂದಿನ ಶನಿವಾರ ಎಲ್ಲಿಗೆ ಹೋಗೋಣ ಅಂತ ಅಮ್ಮನನ್ನೇ ಕೇಳಿದೆ. ಫ್ಲಾಸ್ಕಿಗೆ ಕಾಫಿ ಸುರಿಯುತ್ತಾ, "ಆ ನಾಲ್ಕು ಮನೆ ಬೀದಿಗೇ ಹೋಗೋಣ, ಅವತ್ತು ಕೊನೇ ಮನೆಯ ಮೇಲ್ಗಡೆ ಸರಿಯಾಗಿ ನೋಡ್ಲಿಲ್ಲ" ಅಂದಳು.